ಖೋಕ್ ಫನೊಮ್ ದಿ: ಒಂದು ಅಳಿವೆಯ ಊರಿನ ಚರಿತ್ರೆ

ಪ್ರಾಗೈತಿಹಾಸಿಕ ಜನಜೀವನವನ್ನು ನಿರೂಪಿಸುವ ಗ್ರಂಥಗಳಲ್ಲಿ ಒಂದು ಸೋಪಾನಕ್ರಮವು ರೂಢಿಯಾಗಿ ಬಂದಿದೆ. ಬೇಟೆ ಮೀನುಗಾರಿಕೆಗಳಿಂದ ಬದುಕುವವರು ಮೊದಲನೆಯ ಮೆಟ್ಟಿಲಿನಲ್ಲಿ, ವ್ಯವಸಾಯಗಾರರು ಎರಡನೆಯದರಲ್ಲಿ, ಐಶ್ವರ್ಯವೂ ಅಂತಸ್ತಿನ ಭೇದವೂ ಮೂರನೆಯದರಲ್ಲಿ. ಒಮ್ಮೆ ಮೇಲೇರಿದವರು ಮತ್ತೆ ಇಳಿಯುವುದಿಲ್ಲವೆಂಬುದು ಈ ಕ್ರಮದೊಳಗೆ ಅಡಗಿರುವ ನಂಬಿಕೆ. ಉಷ್ಣವಲಯದ ಕಡಲಂಚಿನ ಊರುಗಳಿಗೆ ಈ ನಂಬಿಕೆಯು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರೀಕ್ಷಿಸುವುದಕ್ಕೆ ಥಾಯ್‌ಲೆಂಡಿನ ಖೋಕ್ ಫನೊಮ್ ದಿ ಎಂಬ ದಿಬ್ಬವು ಉತ್ತಮವಾದ ನಿದರ್ಶನವಾಗಿದೆ.

ಈ ದಿಬ್ಬವು ಬಾಂಗ್ ಪಕೊಂಗ್ ನದಿಯ ಬಯಲಿನಲ್ಲಿದೆ. ಇಂದು ಸಮುದ್ರವು ಅಲ್ಲಿಂದ ಸುಮಾರು ೨೨ ಕಿಲೋಮೀಟರು ದೂರ. ಆದರೆ ಕ್ರಿ. ಪೂ. ೨೦೦೦ದ ಸುಮಾರಿಗೆ ಅಲ್ಲಿ ಜನರು ನೆಲಸಿದಾಗ ಅದು ಅಳಿವೆಯ ದಂಡೆಯಾಗಿತ್ತು, ಸುತ್ತಲೂ ಕಾಂಡ್ಲಕಾಡು. ಸುಮಾರು ೫೦೦ ವರ್ಷಗಳ ವಸತಿಯ ಫಲವಾಗಿ ೫ ಹೆಕ್ಟೇರು ವಿಸ್ತಾರವೂ ೧೨ ಮೀಟರು ಎತ್ತರವೂ ಉಳ್ಳ ದಿಬ್ಬವು ನಿಂತಿತು. ೧೯೮೪-೮೫ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೈಯಮ್ ಅವರೂ ಥಾಯ್ ಲಲಿತಕಲಾ ಇಲಾಖೆಯ ರಚನೀ ತೋಸರತ್ ಅವರೂ ೧೦ ಮೀಟರು ಚಚ್ಚೌಕದ ಕುಣಿಯೊಂದನ್ನು ತೋಡಿಸಿ ೧೫೪ ಸಮಾಧಿಗಳನ್ನು ಬೆಳಕಿಗೆ ತಂದರು. ಲಂಡನ್ನಿನ ಪ್ರಾಕ್ತನ ವಿದ್ವಾಂಸರ ಸಂಘವು ೧೯೯೦ರಿಂದ ೨೦೦೪ರವರೆಗೆ ಈ ಶೋಧನೆಯ ವರದಿಯನ್ನು ಏಳು ಸಂಪುಟಗಳಲ್ಲಿ ಪ್ರಕಟಿಸಿತು. ಸಾಮಾನ್ಯ ವಾಚಕರಿಗಾಗಿ ಈ ಇಬ್ಬರೇ ೧೯೯೪ರಲ್ಲಿ ಒಂದು ಕಿರುಗ್ರಂಥವನ್ನು ಬರೆದು, ಪ್ರಪಂಚದಲ್ಲೆಲ್ಲ ಅತ್ಯಂತ ಸಮೃದ್ಧವಾದ ನೆಲೆಗೆ ಪ್ರಾಚೀನರು ಹೊಂದಿಕೊಂಡ ಬಗೆ ಎಂಬರ್ಥದ ಉಪಶೀರ್ಷಿಕೆಯನ್ನು ಅದಕ್ಕೆ ಕೊಟ್ಟರು.

ಈ ಬರಹಗಳ ಮುಖ್ಯವಾದ ಗುಣವು ಸಾಕ್ಷ್ಯಗಳ ಸಮ್ಮೇಳನದಲ್ಲಿದೆ. ಕೆಳಗಿನ ಸ್ತರಗಳಲ್ಲಿ ಉಪ್ಪುನೀರಿನ ಚಿಪ್ಪುಜೀವಿಗಳೂ ಮೀನುಗಳೂ ಹೇರಳ. ಅಕ್ಕಿಯು ಬಳಕೆಯಲ್ಲಿದ್ದರೂ ಅದು ಒಳನಾಡಿನಿಂದ ಬಂದದ್ದೆಂದು ಕರ್ತೃಗಳ ಊಹೆ. ನಡುವಣ ಕಾಲದಲ್ಲಿ ಸಮುದ್ರವು ಸ್ವಲ್ಪ ಹಿಂಜರಿದು ಸಿಹಿನೀರು ಆವರಿಸಿತು. ಆಗ ಕಣಶಿಲೆಯ ಗುದ್ದಲಿಗಳೂ, ತೆನೆ ಕೊಯ್ಯುವುದಕ್ಕೆ ಚಿಪ್ಪಿನಿಂದ ಮಾಡಿದ ಕತ್ತಿಗಳೂ ಕಾಣಿಸಿಕೊಳ್ಳುತ್ತವೆ. ಊರವರೇ ಬತ್ತವನ್ನು ಬೆಳೆದರೆಂಬುದಕ್ಕೆ ಇವು ಸಾಕ್ಷಿ. ಅನಂತರ ಉಪ್ಪುನೀರು ಮರಳಿ ಬಂದಿತು. ಗುದ್ದಲಿಯೂ ಕತ್ತಿಯೂ ಮರೆಯಾದುವು. ಆದರೆ ಊರು ಹಾಳಾಗಲಿಲ್ಲ. ಸತ್ತವರನ್ನು ಪೂರ್ವಿಕರ ಬಳಿಯಲ್ಲಿಯೇ ಹೂಳುತ್ತ ಜನರು ಅಲ್ಲಿಯೇ ನಿಂತರು. ಸಿರಿವಂತರ ಸಮಾಧಿಗಳು ತೋರುವುದು ವ್ಯವಸಾಯವನ್ನು ಕೈಬಿಟ್ಟ ಈ ಕಾಲದಲ್ಲಿಯೇ! ಸೋಪಾನಕ್ರಮಕ್ಕೆ ಇದಕ್ಕಿಂತ ಬಲವಾದ ಪ್ರತ್ಯುತ್ತರವು ಬೇಕಿಲ್ಲ.

ಆ ಸಮಾಧಿಗಳಲ್ಲಿ ಒಂದು ಮೂವತ್ತೈದು ವರ್ಷದ ಆಸುಪಾಸಿನ ಸ್ತ್ರೀಯದು. ಆಕೆಯ ಮೈಮೇಲೆ ೧,೨೦,೦೦೦ಕ್ಕೂ ಮಿಕ್ಕ ಚಿಪ್ಪಿನ ಮಣಿಗಳಿದ್ದುವು. ದೇಹದ ಮೇಲೆ ಮಡಕೆ ಮಾಡುವ ಮಣ್ಣಿನ ಉರುಳೆಗಳನ್ನು ಒಟ್ಟಿದ್ದರು. ಮಡಕೆಯನ್ನು ತಟ್ಟುವಾಗ ಒಳಬದಿಗೆ ಆಸರೆಯಾಗಿ ಹಿಡಿಯುವ ಸಾಧನವೂ, ಮೇಲ್ಮೈಯನ್ನು ಉಜ್ಜಿ ನುಣುಪುಮಾಡುವ ಕಲ್ಲುಗಳೂ ಜೊತೆಯಲ್ಲಿದ್ದುವು. ಅದೇ ಕಾಲದ ಒಂದೂಕಾಲು ವರ್ಷದ ಮಗುವೊಂದರ ಸಮಾಧಿಯಲ್ಲಿಯೂ ಅದೇ ಸಾಧನದ ಪುಟ್ಟ ಪ್ರತಿಯು ದೊರೆತಿದೆ. ಈ ಸ್ತ್ರೀಗೆ ‘ರಾಜಕುಮಾರಿ’ಯೆಂಬ ಹೆಸರು ಪ್ರಚಾರಕ್ಕೆ ಬಂದಿರುವುದು ನಮಗೆ ಒಪ್ಪಿಗೆಯಾಗುವುದಿಲ್ಲ. ಆಕೆಯ ಬಳಿ ಇಟ್ಟದ್ದು ಅಧಿಕಾರದ ಲಾಂಛನವಲ್ಲ, ಕಸುಬಿನ ಉಪಕರಣ. ಈ ಹೆಸರಿನಿಂದ ಆಕೆಯ ನಿಜವಾದ ಹಿರಿಮೆಯು, ಎಂದರೆ ಕೈಚಳಕದಿಂದ ಗಳಿಸಿದ ಗೌರವವು, ಮರೆಯಾಗುತ್ತದೆ. ನಮ್ಮ ಕಾಲದ ರಾಜಸಭೆಯ ಕಲ್ಪನೆಯನ್ನು ಮಣ್ಣಿನ ಮೇಲೆ ಹೇರುವುದು ವ್ಯಾಖ್ಯಾನಧರ್ಮವಲ್ಲ.

ವಂಶಾವಳಿಯ ವಾದವನ್ನು ಇನ್ನೂ ಎಚ್ಚರದಿಂದ ತೂಗಬೇಕು. ಗುಂಪುಗುಂಪಾಗಿರುವ ಸಮಾಧಿಗಳು ಒಂದೊಂದು ಕುಟುಂಬದ ಅನೇಕ ತಲೆಮಾರುಗಳವೆಂದು ಕರ್ತೃಗಳು ಹೇಳುತ್ತಾರೆ. ಬಾಲ್ಯದಲ್ಲಿ ಉಂಡ ಅನ್ನನೀರಿನ ಗುರುತನ್ನು ಹಲ್ಲಿನ ಹೊರಕವಚವು ಕಡೆಯವರೆಗೂ ಉಳಿಸಿಕೊಳ್ಳುತ್ತದೆ. ೨೦೦೭ರಲ್ಲಿ ಅಲೆಕ್ಸಾಂಡರ್ ಬೆಂಟ್ಲಿ ಮೊದಲಾದವರು ಹಲ್ಲುಗಳಲ್ಲಿರುವ ಸ್ಟ್ರಾನ್ಷಿಯಮ್ಮನ್ನು ಪರೀಕ್ಷಿಸಿ, ಮೊದಮೊದಲು ಸ್ತ್ರೀಯರಲ್ಲಿ ಹೊರಗಿನಿಂದ ಬಂದವರಿದ್ದರೆಂದೂ, ಬಳಿಕ ಅವರು ಹುಟ್ಟಿದೂರಿನಲ್ಲಿಯೇ ಉಳಿದರೆಂದೂ ತೋರಿಸಿದರು. ಇದು ಬೆಲೆಯುಳ್ಳ ಸಾಕ್ಷ್ಯ. ಆದರೆ ಅದು ಹುಟ್ಟಿ ಬೆಳೆದ ನೆಲವನ್ನು ಹೇಳುತ್ತದೆಯೇ ಹೊರತು ತಾಯಿ ಯಾರು, ಮಗಳು ಯಾರು ಎಂಬುದನ್ನು ಹೇಳುವುದಿಲ್ಲ. ಅಲ್ಲದೆ ತೋಡಿದ ಕುಣಿಯು ದಿಬ್ಬದ ವಿಸ್ತಾರದಲ್ಲಿ ಐನೂರರಲ್ಲಿ ಒಂದು ಪಾಲು ಮಾತ್ರ. ಒಂದು ಗರಿಯನ್ನು ಓದಿ ಇಡೀ ಓಲೆಯ ಕಟ್ಟಿನ ಕಥೆಯನ್ನು ಹೇಳುವವನಿಗೆ ಇರಬೇಕಾದ ಸಂಕೋಚವು ಇಲ್ಲಿಯೂ ಇರಬೇಕು.

ಕೊನೆಯದಾಗಿ, ಆ ಉಪಶೀರ್ಷಿಕೆಯ ವಿಚಾರ. ಅಳಿವೆಯು ಮೀನು ಏಡಿ ಚಿಪ್ಪುಗಳ ಅಕ್ಷಯಪಾತ್ರೆಯೆಂಬುದು ನಿಜ. ಆದರೆ ಇದೇ ಕುಣಿಯಲ್ಲಿ, ಅದರಲ್ಲಿಯೂ ಮೊದಲಿನ ಸ್ತರಗಳಲ್ಲಿ, ಹುಟ್ಟುತ್ತಲೇ ಸತ್ತ ಶಿಶುಗಳ ಸಂಖ್ಯೆಯು ಬಹಳ ಹೆಚ್ಚು. ಮಲೇರಿಯಾ ಇರುವ ಸೀಮೆಗಳಲ್ಲಿ ವಂಶಪಾರಂಪರ್ಯವಾಗಿ ಬರುವ ರಕ್ತದೋಷವು ಇದಕ್ಕೆ ಕಾರಣವಾಗಿರಬಹುದೆಂದು ಅಸ್ಥಿಗಳನ್ನು ಪರೀಕ್ಷಿಸಿದ ನ್ಯಾನ್ಸಿ ಟೇಲ್ಸ್ ಅವರ ಅಭಿಪ್ರಾಯ. ಕರ್ತೃಗಳು ಈ ಮರಣಗಳನ್ನು ಮರೆಮಾಚಿಲ್ಲ. ಆದರೂ ಸಮೃದ್ಧಿಯನ್ನು ಸಾರುವ ಶೀರ್ಷಿಕೆಯ ಕೆಳಗೆ ಅವು ಅಡಿಟಿಪ್ಪಣಿಯಂತೆ ಕುಗ್ಗಿಹೋಗುತ್ತವೆ. ಹೊಟ್ಟೆ ತುಂಬಿಸಿದ ನೀರೇ ತೊಟ್ಟಿಲನ್ನು ಬರಿದುಮಾಡಿತೆಂಬ ಶಂಕೆಯು ಈ ಚರಿತ್ರೆಯ ಅಂಚಿನಲ್ಲಿ ಅಲ್ಲ, ಮಧ್ಯದಲ್ಲಿ ಇರತಕ್ಕದ್ದು.

ಇಷ್ಟು ಆಕ್ಷೇಪಗಳಿದ್ದರೂ ಈ ಕೃತಿಗಳ ಬೆಲೆ ಕುಂದುವುದಿಲ್ಲ. ಆಕ್ಷೇಪಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಅವೇ ಒದಗಿಸಿರುವುದು ಪ್ರಾಮಾಣಿಕವಾದ ಶೋಧನೆಯ ಲಕ್ಷಣ. ನೀರು ಬದಲಾದಂತೆ ಉಣಿಸೂ ಉಪಕರಣವೂ ಬಾಳಿನ ರೀತಿಯೂ ಬದಲಾದುವು. ಸತ್ತವರ ನೆರೆಯನ್ನು ಮಾತ್ರ ಜನರು ಬಿಡಲಿಲ್ಲ. ವಸತಿಯ ಚರಿತ್ರೆಯನ್ನು ಬರೆಯುವವರು ಬೆಳೆಯ ಹೆಸರಿನಿಂದ ಯುಗಗಳನ್ನು ವಿಂಗಡಿಸುವುದಕ್ಕೆ ಮುಂಚೆ ಈ ದಿಬ್ಬವನ್ನು ಒಮ್ಮೆ ನೆನೆಯುವುದು ಒಳ್ಳೆಯದು.