ಮೀಸಲು ಕುರ್ಚಿ ಮತ್ತು ನಾಲಿಗೆ

ಪೌರನೀತಿ ಪಾಠ ಮಾಡೋದು ಮೇಷ್ಟ್ರಿಗೆ ಕಷ್ಟದ ಕೆಲಸವಲ್ಲ. ವಿಧಾನಸಭೆ ಕೆಳಮನೆ, ವಿಧಾನ ಪರಿಷತ್ತು ಮೇಲ್ಮನೆ. ಕೆಳಮನೆಗೆ 224 ಜನ, ಮೇಲ್ಮನೆಗೆ 75 ಜನ. ನಿಲ್ಲೋದಕ್ಕೆ 25 ವರ್ಷ ಆಗಿರಬೇಕು, ಓಟು ಹಾಕೋದಕ್ಕೆ 18. ಅವಧಿ ಐದು ವರ್ಷ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರಕೊಳ್ಳುತ್ತವೆ, ಪರೀಕ್ಷೆಯಲ್ಲಿ ಹಾಗೇ ಕಕ್ಕುತ್ತವೆ. ನಾನೂ ವರ್ಷಗಟ್ಟಲೆ ಹೀಗೇ ಪಾಠ ಮಾಡಿದವನು. ಒಂದು ದಿನ "36 ಸ್ಥಾನ ಪರಿಶಿಷ್ಟ ಜಾತಿಗೆ, 15 ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲು" ಎಂದು ಬರೆದು ತಿರುಗಿದೆ. ಹಿಂದಿನ ಸಾಲಿನಿಂದ ನಮ್ಮ ಬೀದಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾ, ಮೀಸಲು ಅಂದ್ರೆ ಅಲ್ಲಿ ನಾವು ಮಾತ್ರ ಓಟು ಹಾಕದಾ?"

ಕ್ಲಾಸು ನಕ್ಕಿತು. "ಇಲ್ಲಮ್ಮ, ಎಲ್ಲರೂ ಹಾಕ್ತಾರೆ. ನಿಲ್ಲೋರು ಮಾತ್ರ ನಮ್ಮೋರು" ಅಂದೆ.

"ಹಂಗಾರೆ ಗೆದ್ದ ಮ್ಯಾಲೆ ಅವ್ರು ಯಾರ ಮಾತು ಕೇಳ್ತರೆ ಸಾ?"

ಗಂಟೆ ಹೊಡೆಯಿತು. ನನ್ನ ಪುಣ್ಯ. ಆದರೆ ಆ ಹುಡುಗಿಯ ಪ್ರಶ್ನೆ ಗಂಟೆ ಹೊಡೆದರೆ ಮುಗಿಯುವಂಥದ್ದಲ್ಲ. ವಿಧಾನಸಭೆಯ ಬಗ್ಗೆ ನಮ್ಮ ಪುಸ್ತಕಗಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆ ಪ್ರಶ್ನೆಗೆ ಉತ್ತರವೂ ಇಲ್ಲ. ನಾನು ಇಲ್ಲಿ ವಿಮರ್ಶೆ ಮಾಡಬೇಕೆಂದಿರುವುದು ಈ ಮೌನವನ್ನು.

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 17 ಜನ. ಈ 17 ಜನ ಒಂದು ಕಡೆ ಗುಂಪಾಗಿ ಇಲ್ಲ. ಊರಿದ್ದಲ್ಲೆಲ್ಲ ಕೇರಿ ಇದೆ, ಕೇರಿಯಷ್ಟೇ ಇರುವ ಊರು ಅಪರೂಪ. ಕ್ಷೇತ್ರ ಪುನರ್ವಿಂಗಡಣೆಯ ಕಾಯ್ದೆ ಏನು ಹೇಳುತ್ತದೆ? ಪಂಗಡದ ಮೀಸಲು ಕ್ಷೇತ್ರಗಳು ಅವರ ಪ್ರಮಾಣ ಅತಿ ಹೆಚ್ಚು ಇರುವ ಕಡೆಯೇ ಆಗಬೇಕು. ಜಾತಿಯ ಮೀಸಲು ಕ್ಷೇತ್ರಗಳು ಮಾತ್ರ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಿರಬೇಕು, ಅದರೊಳಗೆ ಪ್ರಮಾಣ ಹೆಚ್ಚಿರುವ ಜಾಗ ನೋಡಬೇಕು. ಅಂದರೆ ಕಾನೂನೇ ನಮ್ಮನ್ನು ಹರಡುತ್ತದೆ. ಹರಡಿದ ಮೇಲೆ ಹೆಚ್ಚಿನ ಮೀಸಲು ಕ್ಷೇತ್ರಗಳಲ್ಲಿ ನಮ್ಮ ಮತ ಅರ್ಧ ಕೂಡ ಆಗುವುದಿಲ್ಲ. ಅದರಲ್ಲೂ ನಾಕು ಪಕ್ಷದಿಂದ ನಿಲ್ಲುವ ನಾಕೂ ಜನ ನಮ್ಮವರೇ ಆದ್ದರಿಂದ ಕೇರಿಯ ಮತ ನಾಕು ದಾರಿ ಹಿಡಿಯುತ್ತದೆ. ಆಮೇಲೆ ಇವರಲ್ಲಿ ಯಾರು ಬೆಂಗಳೂರಿಗೆ ಹೋಗಬೇಕು ಅನ್ನೋದನ್ನ ಊರು ತೀರ್ಮಾನ ಮಾಡುತ್ತದೆ.

ಊರು ಯಾರನ್ನು ಆರಿಸುತ್ತದೆ? ಜಗಳಗಂಟನನ್ನಂತೂ ಅಲ್ಲ. ಭೂಮಿ ಕೇಳಿದವನನ್ನು, ದೇವಸ್ಥಾನದ ಬಾಗಿಲಿಗೆ ಜನ ಕರೆದುಕೊಂಡು ಹೋದವನನ್ನು, ಪೊಲೀಸ್ ಸ್ಟೇಷನ್ನಿನಲ್ಲಿ ದೌರ್ಜನ್ಯದ ಕೇಸು ಬರೆಸಿದವನನ್ನು ಅಲ್ಲ. "ಅಂವ ಒಳ್ಳೆ ಹುಡುಗ ಕಣ್ರೀ, ಜಾತಿ ಗೊತ್ತೇ ಆಗಕ್ಕಿಲ್ಲ" ಅನ್ನಿಸಿಕೊಂಡವನಿಗೆ ಟಿಕೆಟ್ಟು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 101 ಹೆಸರುಗಳಿವೆ. ಎಲ್ಲರೂ ಅಸ್ಪೃಶ್ಯತೆಯ ಒಂದೇ ಬೆಂಕಿಯಲ್ಲಿ ಬೆಂದವರಲ್ಲ. ಟಿಕೆಟ್ಟು ಹಂಚುವವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಪೊರಕೆ ಹಿಡಿದ ಕೈಗೆ, ಟೆಂಟಿನಲ್ಲಿ ಮಲಗುವ ಅಲೆಮಾರಿಗೆ ಬಿ ಫಾರಂ ಬರುವುದು ಯಾವಾಗ?

ದುಡ್ಡಿನ ಮಾತೂ ಬರಬೇಕು. ವಿಧಾನಸಭೆಗೆ ನಿಲ್ಲುವವನು 10,000 ರೂಪಾಯಿ ಠೇವಣಿ ಕಟ್ಟಬೇಕು, ನಮ್ಮವನಾದರೆ 5,000. ರಿಯಾಯಿತಿ ದೊಡ್ಡದೇ. ಆದರೆ 2022ರಿಂದ ನಮ್ಮಂಥ ರಾಜ್ಯದಲ್ಲಿ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಇದು ಕಾಗದದ ಮೇಲಿನ ಮಿತಿ, ಕಾಗದದ ಹೊರಗೆ ಏನು ನಡೆಯುತ್ತದೆ ಅನ್ನೋದನ್ನ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಠೇವಣಿಯಲ್ಲಿ ಅರ್ಧ ಬಿಟ್ಟುಕೊಟ್ಟ ಕಾನೂನು 40 ಲಕ್ಷ ಎಲ್ಲಿಂದ ಬರುತ್ತದೆ ಅಂತ ಕೇಳುವುದಿಲ್ಲ. ಕೊಟ್ಟವನು ಮಾತ್ರ ಗೆದ್ದ ಮಾರನೇ ದಿನ ಲೆಕ್ಕ ಕೇಳುತ್ತಾನೆ.

ಈ ಏರ್ಪಾಟು ಎಲ್ಲಿಂದ ಬಂತು? 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಸೇರಿಸಿದರು ಅಂತ ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಅವತ್ತು ಸೇರಿದ 144 ಜನ ಯಾರು? ಜಮೀನುದಾರರು, ವರ್ತಕರು. ಪ್ರಜೆಯೂ ಇಲ್ಲ, ಪ್ರತಿನಿಧಿಯೂ ಇಲ್ಲ. ಅಂಥ ಸಭೆಗಳ ಬಾಗಿಲು ನಮಗೆ ತೆರೆಯಬೇಕಾದರೆ ಅಂಬೇಡ್ಕರ್ ಲಂಡನ್ನಿನ ದುಂಡುಮೇಜಿನವರೆಗೂ ಹೋಗಿ ಜಗಳ ಆಡಬೇಕಾಯಿತು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಕೋಮು ತೀರ್ಪು ಕೊಟ್ಟಿತು. ಅದರಲ್ಲಿ ಅಸ್ಪೃಶ್ಯರಿಗೆ ಎರಡು ಓಟು. ಒಂದು ಎಲ್ಲರ ಜೊತೆ ಸಾಮಾನ್ಯ ಕ್ಷೇತ್ರದಲ್ಲಿ, ಇನ್ನೊಂದು ತಮ್ಮವನನ್ನು ತಾವೇ ಆರಿಸೋದಕ್ಕೆ. ಆ ಹುಡುಗಿ ಕೇಳಿದ್ದು ಇದನ್ನೇ, ತೊಂಬತ್ತು ವರ್ಷ ತಡವಾಗಿ. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯಿತು. ಪ್ರಾಂತಗಳ ಶಾಸನಸಭೆಗಳಲ್ಲಿ ತೀರ್ಪು ಕೊಟ್ಟಿದ್ದ 71 ಸ್ಥಾನ 148 ಆಯಿತು. ಕುರ್ಚಿ ಎರಡರಷ್ಟಾಯಿತು, ಎರಡನೇ ಓಟು ಹೋಯಿತು.

ಪೂರ್ತಿ ಹೋಯಿತು ಅನ್ನುವ ಹಾಗಿಲ್ಲ. ಒಪ್ಪಂದದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಮೀಸಲು ಸ್ಥಾನಕ್ಕೆ ಮೊದಲು ದಲಿತ ಮತದಾರರೇ ಒಂದು ಪ್ರಾಥಮಿಕ ಚುನಾವಣೆಯಲ್ಲಿ ನಾಕು ಜನರನ್ನು ಆರಿಸಬೇಕು, ಆಮೇಲೆ ಆ ನಾಕು ಜನರಲ್ಲಿ ಒಬ್ಬನನ್ನು ಎಲ್ಲ ಜಾತಿಯ ಮತದಾರರು ಆರಿಸಬೇಕು. ಇದಕ್ಕೆ ಹತ್ತು ವರ್ಷದ ಗಡುವು. ನಮ್ಮ ಪುಸ್ತಕಗಳಲ್ಲಿ ಪೂನಾ ಒಪ್ಪಂದ ಇರುತ್ತದೆ, ಉಪವಾಸ ಇರುತ್ತದೆ. ಈ ಕಿಂಡಿ ಇರುವುದಿಲ್ಲ. ಸಂವಿಧಾನ ಬರುವ ಹೊತ್ತಿಗೆ ಕಿಂಡಿಯೂ ಮುಚ್ಚಿತ್ತು. 332ನೇ ವಿಧಿ ರಾಜ್ಯ ವಿಧಾನಸಭೆಗಳಲ್ಲಿ ಸ್ಥಾನ ಮೀಸಲಿಟ್ಟಿತು. ನಿಲ್ಲುವವನ ಜಾತಿಯನ್ನು ಅದು ಗೊತ್ತು ಮಾಡಿತು. ಅವನನ್ನು ಕಳಿಸುವವರು ಯಾರು ಅನ್ನೋದನ್ನ ಊರಿಗೇ ಬಿಟ್ಟಿತು.

ಆ ಸಂವಿಧಾನದ ಕರಡು ಬರೆದವರೇ ಏನಾದರು? 1952ರಲ್ಲಿ ಮುಂಬೈ ಉತ್ತರದಿಂದ ಲೋಕಸಭೆಗೆ ನಿಂತು ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. 1955ರಲ್ಲಿ ಅವರ ಪರಿಶಿಷ್ಟ ಜಾತಿ ಒಕ್ಕೂಟವೇ ಶಾಸನಸಭೆಗಳ ಮೀಸಲು ಸ್ಥಾನ ತೆಗೆದುಹಾಕಿ ಎಂದು ಠರಾವು ಮಾಡಿತು. ಇದನ್ನು ಹೇಳಿದರೆ ನಮ್ಮ ಸಭೆಗಳಲ್ಲೇ ಕೆಲವರು ಮುಖ ಗಂಟು ಹಾಕುತ್ತಾರೆ. ಮೀಸಲಾತಿ ವಿರೋಧಿಗಳ ಕೈಗೆ ಕಲ್ಲು ಕೊಟ್ಟಂತೆ ಆಗುತ್ತೆ ಅಂತ ಭಯ. ಭಯ ಬೇಡ. ಹತ್ತು ವರ್ಷದ ಗಡುವು ಇದ್ದದ್ದು ಶಾಸನಸಭೆಯ ಸ್ಥಾನಗಳಿಗೆ ಮಾತ್ರ, ನೌಕರಿಗೂ ಅಲ್ಲ, ಶಾಲೆ ಕಾಲೇಜಿಗೂ ಅಲ್ಲ. "ಹತ್ತೇ ವರ್ಷ ಅಂತ ಅಂಬೇಡ್ಕರ್ ಹೇಳಿದ್ರು" ಅಂತ ಸ್ಟಾಫ್ ರೂಮಿನಲ್ಲಿ ಉರು ಹೊಡೆಯುವವರಿಗೆ 334ನೇ ವಿಧಿ ತೆರೆದು ತೋರಿಸಿ. ತಮಾಷೆ ನೋಡಿ, ನೌಕರಿಯ ಮೀಸಲಾತಿಗೆ ಬೀದಿಯಲ್ಲಿ ಬಸ್ಸು ಸುಡುವ ಜನ ಶಾಸನಸಭೆಯ ಈ ಗಡುವನ್ನು 1959ರಿಂದ 2019ರವರೆಗೆ ಏಳು ಸಲ ವಿಸ್ತರಿಸಿದಾಗ ಉಸಿರೆತ್ತಲಿಲ್ಲ. ಈಗ ಅದು 2030ರವರೆಗೆ ಇದೆ. ಅವರಿಗೆ ಅದರಿಂದ ನೋವಿಲ್ಲ.

ನೋವಾದದ್ದು ಒಮ್ಮೆ ಇದೆ. ಮೊದಲ ಚುನಾವಣೆಗಳಲ್ಲಿ ಜೋಡಿ ಕ್ಷೇತ್ರಗಳಿದ್ದವು. 1952ರಲ್ಲಿ ಮೈಸೂರು ವಿಧಾನಸಭೆಗೆ 80 ಕ್ಷೇತ್ರ, ಸದಸ್ಯರು 99. ಜೋಡಿ ಕ್ಷೇತ್ರದಲ್ಲಿ ಎರಡು ಸ್ಥಾನ, ಒಂದು ಮೀಸಲು, ಇನ್ನೊಂದು ಎಲ್ಲರದ್ದು. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ ಎರಡೂ ಸ್ಥಾನ ಬುಡಕಟ್ಟಿನ ಇಬ್ಬರಿಗೆ ಹೋಯಿತು. ಸೋತವರು ವಿ. ವಿ. ಗಿರಿ, ಆಮೇಲೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು, ರಾಷ್ಟ್ರಪತಿಯೂ ಆದವರು. ಸುಪ್ರೀಂ ಕೋರ್ಟಿಗೆ ಹೋದರು. 1959ರಲ್ಲಿ ಅಲ್ಲೂ ಸೋತರು. 'ಎಲ್ಲರದ್ದು' ಅನ್ನುವ ಕುರ್ಚಿಯಲ್ಲಿ ಬುಡಕಟ್ಟಿನವನು ಕೂರಬಹುದು ಅಂತ ಕೋರ್ಟು ಹೇಳಿತು. 1961ರಲ್ಲಿ ಕಾಯ್ದೆ ಮಾಡಿ ಜೋಡಿ ಕ್ಷೇತ್ರಗಳನ್ನೇ ಎತ್ತಿಬಿಟ್ಟರು. ಕ್ಷೇತ್ರ ದೊಡ್ಡದಾಯಿತು, ಖರ್ಚು ಜಾಸ್ತಿ ಎಂಬ ಕಾರಣಗಳೂ ಇದ್ದವು ಅನ್ನಿ. ಇರಲಿ.

ಈಗ ಸಭೆಯ ಒಳಕ್ಕೆ ಬನ್ನಿ. 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದ ಕಟ್ಟಡ. (ಯಾವ ದೇವರು ಅಂತ ಕೇಳಬೇಡಿ, ನಮ್ಮನ್ನು ಒಳಗೆ ಬಿಡದ ದೇವರೂ ಇದ್ದಾನೆ.) ಕೆಳಮನೆ ಅಂತ ಹೆಸರಿದ್ದರೂ ಬಲ ಇರೋದು ಇಲ್ಲೇ. ಸರ್ಕಾರ ಉಳಿಯೋದು ಬೀಳೋದು ಇಲ್ಲಿ. ಬಜೆಟ್ಟಿನ ಬೇಡಿಕೆಗಳಿಗೆ ಓಟು ಹಾಕೋದು ಇಲ್ಲಿ. ಹಣಕಾಸು ಮಸೂದೆಯನ್ನು ಮೇಲ್ಮನೆ 14 ದಿನ ಇಟ್ಟುಕೊಳ್ಳಬಹುದು ಅಷ್ಟೆ. ಹಾಗಾದರೆ 51 ಜನ ಸಣ್ಣ ಸಂಖ್ಯೆಯಲ್ಲ. 2019ರ ಜುಲೈ 23ರಂದು ಒಂದು ಸರ್ಕಾರ 99ಕ್ಕೆ 105 ಮತದಲ್ಲಿ ಬಿತ್ತು. ಆರು ಓಟಿಗೆ ಸರ್ಕಾರ ಬೀಳುವ ಕಡೆ 51 ಜನ ಒಟ್ಟಿಗೆ ಎದ್ದು ನಿಂತರೆ ಏನಾಗಬೇಕು?

ಎದ್ದು ನಿಲ್ಲುವುದಿಲ್ಲ. ನಿಂತರೆ ಏನಾಗುತ್ತೆ ಅಂತ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಹೇಳುತ್ತದೆ. ಪಕ್ಷದ ವಿಪ್ಪಿಗೆ ವಿರುದ್ಧ ಓಟು ಹಾಕಿದರೆ ಸದಸ್ಯತ್ವ ಹೋಗಬಹುದು, ತೀರ್ಮಾನ ಸ್ಪೀಕರ್ ಕೈಯಲ್ಲಿ. ದುಡ್ಡಿಗೆ ಮಾರಿಕೊಳ್ಳುವವರನ್ನು ತಡೆಯಲು ತಂದ ಕಾನೂನು ಇದು. ಮಾರಿಕೊಳ್ಳುವವರು ರಾಜೀನಾಮೆ ಕೊಟ್ಟು, ಮತ್ತೆ ನಿಂತು, ಗೆದ್ದು, ಮಂತ್ರಿಯಾಗುವ ದಾರಿ ಕಂಡುಕೊಂಡರು. ಮನಸ್ಸಾಕ್ಷಿ ಇರುವವನಿಗೆ ಮಾತ್ರ ಬಾಗಿಲು ಮುಚ್ಚಿತು. ಕೆಳಗೆ ಊರಿನ ಓಟಿನ ಹಗ್ಗ, ಮೇಲೆ ವಿಪ್ಪಿನ ಹಗ್ಗ. ನಡುವೆ ನಮ್ಮ ಶಾಸಕ.

ಇದಕ್ಕೆ ಸಾಕ್ಷಿ ಬೇಕಾದರೆ ಒಂದೇ ಒಂದು ಕಾಯ್ದೆ ಸಾಕು. 2013ರಲ್ಲಿ ಇದೇ ಸಭೆ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕಷ್ಟು ಹಣ ನಮಗೇ ಖರ್ಚಾಗಬೇಕು ಎನ್ನುವ ಒಳ್ಳೆಯ ಕಾಯ್ದೆ. ಅದರೊಳಗೆ 7(ಡಿ) ಅಂತ ಒಂದು ಉಪನಿಯಮ ಇತ್ತು. ರಸ್ತೆ, ಸೇತುವೆಯಂಥ ಎಲ್ಲರ ಕಾಮಗಾರಿಗೆ ಹಾಕಿದ ದುಡ್ಡಿನಲ್ಲಿ ಒಂದು ಪಾಲನ್ನು ನಮಗೆ ಖರ್ಚಾಯಿತು ಅಂತ 'ಭಾವಿಸಲು' ಅದು ದಾರಿ ಕೊಟ್ಟಿತು. ಭಾವಿಸುವುದು! ಎಂಥ ಕನ್ನಡ ನೋಡಿ. ಊಟ ಹಾಕದೆ ಉಂಡೆ ಅಂತ ಭಾವಿಸು ಅಂದಂತೆ. ಈ ಉಪನಿಯಮ ಹತ್ತು ವರ್ಷ ಬದುಕಿತ್ತು. ಅಷ್ಟರಲ್ಲಿ ಎರಡು ವಿಧಾನಸಭೆಗಳು ಮುಗಿದವು, ಒಂದೊಂದರಲ್ಲೂ 51 ಮೀಸಲು ಶಾಸಕರು. ಅದನ್ನು ತೆಗೆಯಿರಿ ಅಂತ ಬೀದಿಗಿಳಿದು ಕೂಗಿದ್ದು ದಲಿತ ಸಂಘಟನೆಗಳು. 2023ರಲ್ಲಿ ತೆಗೆದರು. ಅದೇ ವರ್ಷದ ಬಜೆಟ್ಟಿನಲ್ಲಿ ಉಪಯೋಜನೆಯ ಸುಮಾರು 11 ಸಾವಿರ ಕೋಟಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎಂದಿತು ಸರ್ಕಾರ. ಇದ್ದಾರೆ, ನಿಜ. ಆದರೆ ಎಲ್ಲರಿಗೂ ಸಿಗುವ ಅಕ್ಕಿಗೆ ನಮ್ಮ ಪಾಲಿನ ಹಣ ಯಾಕೆ?

ಮಾತಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ರಾಜ್ಯ ಹೊತ್ತಿಕೊಂಡಿತು, ಮಂತ್ರಿಗಿರಿ ಹೋಯಿತು. ಅವರನ್ನು ಇಳಿಸಿದ್ದು ವಿಧಾನಸಭೆಯ ಓಟಲ್ಲ, ಬೀದಿಯ ಕಲ್ಲು. ಮಲ್ಲಿಕಾರ್ಜುನ ಖರ್ಗೆ 1972ರಿಂದ 2008ರವರೆಗೆ ಒಂಬತ್ತು ಸಲ ಇದೇ ಸಭೆಗೆ ಗೆದ್ದರು. 1947ರಿಂದ 2023ರ ಚುನಾವಣೆಯವರೆಗೆ ಈ ರಾಜ್ಯಕ್ಕೆ ದಲಿತ ಮುಖ್ಯಮಂತ್ರಿ ಒಬ್ಬರೂ ಬರಲಿಲ್ಲ.

ನಮ್ಮದೇ ಪಕ್ಷ ಕಟ್ಟಿದರೆ ಆಗೋದಿಲ್ವಾ ಅಂತ ಯುವಕರು ಕೇಳುತ್ತಾರೆ. ನಮ್ಮ ಚಾಮರಾಜನಗರದ ಕಡೆ ಅದನ್ನೂ ನೋಡಿದ್ದೇವೆ. 2018ರಲ್ಲಿ ಕೊಳ್ಳೇಗಾಲದಿಂದ ಎನ್. ಮಹೇಶ್ ಬಿಎಸ್‌ಪಿಯಿಂದ ಗೆದ್ದಾಗ ಬೀದಿಗಳಲ್ಲಿ ತಮಟೆ ಸದ್ದು ನಿಲ್ಲಲಿಲ್ಲ. 224ರಲ್ಲಿ ಆನೆ ಗುರುತಿನವರು ಒಬ್ಬರೇ. ಮಂತ್ರಿಯಾದರು, ಕೆಲವೇ ತಿಂಗಳಿಗೆ ರಾಜೀನಾಮೆ ಕೊಟ್ಟರು. 2019ರ ಆ ವಿಶ್ವಾಸಮತದ ದಿನ ಸಭೆಗೆ ಬರಲಿಲ್ಲ. ಪಕ್ಷ ಹೊರಹಾಕಿತು. 2021ರಲ್ಲಿ ಬಿಜೆಪಿ ಸೇರಿದರು, 2023ರಲ್ಲಿ ಸೋತರು. ಒಬ್ಬ ವ್ಯಕ್ತಿಯನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ನನಗೂ ಅವತ್ತು ಹೊಟ್ಟೆ ಉರಿದಿತ್ತು. ಆದರೆ ಇನ್ನೊಬ್ಬ ಒಳ್ಳೆಯವನನ್ನು ಕಳಿಸಿದರೆ ಅದೇ ಎರಡು ಹಗ್ಗ ಅವನ ಕೊರಳಿಗೂ ಬೀಳುತ್ತದೆ.

ಹಾಗಂತ ಓಟಿಗೆ ಬೆಲೆ ಇಲ್ಲ ಅಂತ ಕೂತುಕೊಳ್ಳುವವರ ಜೊತೆ ನಾನಿಲ್ಲ. ಇದೇ ಸೀಮೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು, ಎ. ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ಓಟಿನಲ್ಲಿ. ಬೀದಿಯ ಒಂದು ಅಜ್ಜಿ ಜ್ವರ ಬಂದು ಮಲಗಿದ್ದರೂ ಫಲಿತಾಂಶ ಬದಲಾಗುತ್ತಿತ್ತು. ಊರಿನ ದೊಡ್ಡವರಿಗೆ ಇದು ಗೊತ್ತು. ಅದಕ್ಕೇ ಎಣಿಕೆ ಆದ ಮೇಲೆ ಬೂತುವಾರು ಲೆಕ್ಕ ಹಿಡಿದು ಕೂರುತ್ತಾರೆ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಪೆಟ್ಟಿಗೆಯ ಚೀಟಿ ಬೆರೆಸಿ ಎಣಿಸುವ ದಾರಿ ಇತ್ತು. ಯಂತ್ರ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕ ಬೇರೆ ಬೇರೆ. ನಮ್ಮ ಬೀದಿಗೇ ಒಂದು ಬೂತಿದ್ದರೆ ನಾವು ಯಾರಿಗೆ ಹಾಕಿದೆವು ಅನ್ನೋದು ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತು. ಗುಪ್ತ ಮತದಾನ ಅಂತ ಪಾಠ ಮಾಡುತ್ತೇವೆ. ಒಬ್ಬನ ಓಟು ಗುಪ್ತ, ಕೇರಿಯ ಓಟು ಬಯಲು. ಮಾರನೇ ದಿನದಿಂದ ಕೂಲಿಗೆ ಕರೆಯೋದು ನಿಂತರೆ ಯಾಕೆ ಅಂತ ಕೇಳಬೇಕಾಗಿಲ್ಲ. ಬೂತುಗಳ ಮತ ಒಟ್ಟು ಸೇರಿಸಿ ಎಣಿಸುವ ಯಂತ್ರ ಬೇಕು ಅಂತ ಚುನಾವಣಾ ಆಯೋಗವೇ ಕೇಂದ್ರಕ್ಕೆ ಹೇಳಿತ್ತು. ಕೇಂದ್ರ ಒಪ್ಪಲಿಲ್ಲ.

ಈ ಬೂತುವಾರು ಲೆಕ್ಕದ ಕಾಗದಕ್ಕೆ ಫಾರಂ 20 ಅಂತ ಹೆಸರು. ಅದು ದೊಡ್ಡವರ ಜೇಬಿನಲ್ಲಿ ಮಾತ್ರ ಇರಬೇಕಾಗಿಲ್ಲ, ನಾವೂ ತೆಗೆದುಕೊಳ್ಳಬಹುದು. ಹಾಗೇ ಸಭೆಯಲ್ಲಿ ಯಾರು ಯಾವ ಪ್ರಶ್ನೆ ಕೇಳಿದರು, ಯಾವ ಮಸೂದೆಗೆ ಏನು ಮಾತಾಡಿದರು ಅನ್ನೋದು ನಡವಳಿಯಲ್ಲಿ ದಾಖಲಾಗಿರುತ್ತದೆ. ಮೀಸಲು ಕ್ಷೇತ್ರದ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಶಾಸಕರ ಐದು ವರ್ಷದ ನಡವಳಿ ತೆಗೆಯಿರಿ. ಭೂಮಿಯ ಬಗ್ಗೆ ಎಷ್ಟು ಸಲ, ಸ್ಮಶಾನದ ಬಗ್ಗೆ ಎಷ್ಟು ಸಲ, ಉಪಯೋಜನೆಯ ಹಣದ ಬಗ್ಗೆ ಎಷ್ಟು ಸಲ ಬಾಯಿ ಬಿಟ್ಟಿದ್ದಾರೆ, ಎಣಿಸಿ ಬರೆದು ಕಳಿಸಿ. ಸೊನ್ನೆ ಬಂದರೆ ಸೊನ್ನೆಯನ್ನೇ ಬರೆಯಿರಿ. ನಾನು ನಮ್ಮ ಕ್ಷೇತ್ರದ್ದನ್ನು ಶುರು ಮಾಡಿದ್ದೇನೆ. ಆ ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ, ಎಣಿಸುವ ಕೆಲಸ ಅವಳದು.