‘ತಬ್ಬಲಿಯು ನೀನಾದೆ ಮಗನೆ’ ನೋಡುವುದು ಹೇಗೆ?

ದಿಲ್ಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಅವರನ್ನು ಕಾದಂಬರಿಯ ಹತ್ತಿರ ತರಲು ಸಿನಿಮಾ ಒಳ್ಳೆಯ ದಾರಿ. ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡ, ಬಿ.ವಿ. ಕಾರಂತ ನಿರ್ದೇಶಿಸಿದ ಈ 1977ರ ಚಿತ್ರಕ್ಕೆ ದಿಲ್ಲಿಯ ನಂಟೂ ಇದೆ. ಕಾರಂತರು ಇಲ್ಲಿನ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ 1977ರಲ್ಲಿ ಅದರ ನಿರ್ದೇಶಕರಾದರು. ಅರ್ಚಕನಾಗಿ ನಟಿಸಿರುವ ನಾಸಿರುದ್ದೀನ್ ಶಾ ಕೂಡ ಅಲ್ಲಿ ಕಲಿತವರೇ.

ಮೊದಲು ಪುಣ್ಯಕೋಟಿಯ ಕಥೆ ಹೇಳಿ. ಚಿತ್ರದ ಬೇರು ಗೋವಿನ ಹಾಡಿನಲ್ಲಿದೆ. ಅಲ್ಲಿ ಗೊಲ್ಲ ಕಾಳಿಂಗ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವು ಓಡೋಡಿ ಬರುತ್ತವೆ. ಚಿತ್ರದ ನಾಯಕನೂ ಕಾಳಿಂಗನೇ. ಆದರೆ ಇವನು ಅಮೆರಿಕದಲ್ಲಿ ಕೃಷಿ ಓದಿ, ಅಲ್ಲಿನ ಹುಡುಗಿಯನ್ನು ಮದುವೆಯಾಗಿ ಬಂದವನು. ಹಾಡು ಗೊತ್ತಿಲ್ಲದೆ ಕೂತರೆ ಅರ್ಧ ಚಿತ್ರ ಕೈತಪ್ಪುತ್ತದೆ.

ಬಿಟ್ಟದ್ದರ ಪಟ್ಟಿ ಮಾಡಬೇಡಿ. ಮೂರು ತಲೆಮಾರಿನ ಕಥೆ ಒಂದು ಸಿನಿಮಾದೊಳಗೆ ಹಿಡಿಯುವುದಿಲ್ಲ. ಉಳಿಸಿಕೊಂಡದ್ದನ್ನು ಪರದೆಗೆ ಹೇಗೆ ಒಗ್ಗಿಸಿದ್ದಾರೆ ಎಂಬುದನ್ನು ಗಮನಿಸಿ. ಕಾದಂಬರಿಯಲ್ಲಿ ಕಾಳಿಂಗನ ತಾಯಿ ಮೂಗಿ. ಅವಳ ಒಳಗುದಿಯನ್ನು ಭೈರಪ್ಪನವರು ಬರೆದು ತಿಳಿಸಬಲ್ಲರು. ಕ್ಯಾಮೆರಾಕ್ಕೆ ದಕ್ಕುವುದು ಮುಖ, ಕೈಸನ್ನೆ, ಕೊಟ್ಟಿಗೆ ಮಾತ್ರ. ಮಗ ವಾದ ಹೂಡುವಾಗ ಅವನನ್ನು ಬಿಟ್ಟು, ಸುತ್ತ ನಿಂತವರನ್ನು ನೋಡಿ.

ಪಕ್ಷ ಹಿಡಿಯಲು ಅವಸರ ಬೇಡ. ಸೊಸೆಗೆ ಹಸು ಬರಿಯ ಸಾಕುಪ್ರಾಣಿ, ಊರಿಗೆ ತಾಯಿ. ಅದನ್ನು ಅವಳು ಕೊಲ್ಲಿಸಿದಾಗ ಊರು ಸಿಡಿದೇಳುತ್ತದೆ. ಇದನ್ನು ಇಂದಿನ ಟಿವಿ ಚರ್ಚೆಗಳ ಕನ್ನಡಕ ಹಾಕಿಕೊಂಡು ನೋಡಿದರೆ ಚಿತ್ರ ಅಲ್ಲಿಗೇ ಮುಗಿದುಹೋಗುತ್ತದೆ. ಮರಳಿ ಬಂದವನಿಗೆ ತನ್ನ ಊರೇ ಪರಕೀಯವಾಗುವುದು ಇದರ ತಿರುಳು. ಸಮೋವಾದ ಆಲ್ಬರ್ಟ್ ವೆಂಟ್ ಅವರ ‘ಸನ್ಸ್ ಫಾರ್ ದ ರಿಟರ್ನ್ ಹೋಮ್’ (1973) ಕೂಡ ಇದೇ ಸಂಕಟದ ಕಾದಂಬರಿ. ನ್ಯೂಜಿಲೆಂಡಿನಲ್ಲಿ ಬೆಳೆದು ಬಿಳಿಯ ಹುಡುಗಿಯನ್ನು ಪ್ರೀತಿಸಿದ ಸಮೋವಾದ ಹುಡುಗ, ತಂದೆತಾಯಿ ಹಂಬಲಿಸಿದ ನಾಡಿಗೆ ಮರಳಿದರೂ ಅಲ್ಲಿ ಒಗ್ಗುವುದಿಲ್ಲ. 1979ರಲ್ಲಿ ಪಾಲ್ ಮೌಂಡರ್ ಅದನ್ನು ಚಿತ್ರವಾಗಿಸಿದರು. ಅಲ್ಲಿ ಹಸುವೂ ಇಲ್ಲ, ಅರ್ಚಕನೂ ಇಲ್ಲ. ಆದರೂ ನಮ್ಮ ಕಾಳಿಂಗನಿಗೆ ಆ ಹುಡುಗ ದೂರದವನಲ್ಲ.

ಎರಡನೆಯ ಸಲ ಹಿಂದಿಯಲ್ಲಿ ನೋಡಿ. ಕಾರ್ನಾಡ–ಕಾರಂತ ಜೋಡಿಯೇ ಈ ಚಿತ್ರವನ್ನು ‘ಗೋಧೂಳಿ’ ಎಂದು ಹಿಂದಿಗೂ ತಂದಿತು. ಕನ್ನಡದಲ್ಲಿ ನಾಯಕ ಮನು, ಹಿಂದಿಯಲ್ಲಿ ಕುಲಭೂಷಣ್ ಖರಬಂದಾ. ನಾಸಿರುದ್ದೀನ್ ಎರಡರಲ್ಲೂ ಇದ್ದಾರೆ. ಪಕ್ಕದ ಮನೆಯವರನ್ನೂ ಕರೆಯಿರಿ. ಪುಣ್ಯಕೋಟಿಯನ್ನು ಕೇಳಿರದ ಅವರಿಗೆ ಯಾವ ದೃಶ್ಯ ತಟ್ಟಿತು, ಯಾವುದು ತಟ್ಟಲಿಲ್ಲ ಎಂದು ವಿಚಾರಿಸಿ.

ಕೊನೆಗೆ ಕಾಳಿಂಗ ಹಸುಗಳನ್ನು ಕರೆಯುತ್ತಾನೆ, ಒಂದೂ ಓಗೊಡುವುದಿಲ್ಲ. ಯಾಕೆಂದು ಮಕ್ಕಳನ್ನೇ ಕೇಳಿ. ಉತ್ತರಕ್ಕೆ ಅವರು ತಡಕಾಡುವ ಹೊತ್ತಿಗೆ ಕಾದಂಬರಿಯನ್ನು ತೆಗೆದು ಓದಿ ಹೇಳಲು ಶುರುಮಾಡಿ.