ಸೊಗಡಿನ ರಜೆ

ಡಿಸೆಂಬರ್ ಕೊನೆಯ ವಾರ ಊರು ಬಿಟ್ಟು ಓಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೋದಷ್ಟೂ ಗಾಂಧಿಬಜಾರಿನಲ್ಲಿ ನಿಂತು ಅವರೆಕಾಯಿ ಆರಿಸಲು ಜಾಗ ಸಿಗುತ್ತದೆ. ಮಡಿಕೇರಿಯೂ ಗೋಕರ್ಣವೂ ಮಾರ್ಚಿನಲ್ಲೂ ಇದ್ದಲ್ಲೇ ಇರುತ್ತವೆ. ಸೊಗಡಿನ ಅವರೆ ಇರುವುದಿಲ್ಲ.

ಗುಡ್ಡೆಯ ಮೇಲಿನ ಕಾಯಿಗೆ ಮರುಳಾಗಬೇಡಿ, ಒಳಗೆ ಕೈ ಹಾಕಿ. ಬೆರಳಿಗೆ ಜಿಡ್ಡು ಹತ್ತಬೇಕು, ಮೂಗಿನ ಹತ್ತಿರ ತಂದರೆ ವಾಸನೆ ಹೊಡೆಯಬೇಕು. ಸೊಗಡೆಲ್ಲ ಇರುವುದು ಸಿಪ್ಪೆಯ ಮೇಲೆ ಒಸರುವ ಆ ಎಣ್ಣೆಯಲ್ಲಿ. ವರ್ಷವಿಡೀ ಸಿಗುವ ಅವರೆಯೂ ಉಂಟು. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಹಗಲು ಎಷ್ಟೇ ಉದ್ದವಿರಲಿ ಹೂ ಬಿಡುತ್ತದೆ. ರೈತರಿಗೆ ಅದರಿಂದ ಅನುಕೂಲವೇ. ಆದರೆ ಹಳೆಯ ನಾಟಿ ಅವರೆ ಹಟಮಾರಿ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದು, ಹಗಲು ಕಿರಿದಾಗುವ ತನಕ ಹೂವಿನ ಮಾತೆತ್ತುವುದಿಲ್ಲ. ರಾಗಿ ಕಟಾವಾದ ಮೇಲೂ ಹೊಲದಲ್ಲಿ ನಿಂತು ಇಬ್ಬನಿಗೆ ಮೈಯೊಡ್ಡುತ್ತದೆ. ಮಾಗಡಿ ಕಡೆಯ ಕಾಯಿ ಎಂದು ವ್ಯಾಪಾರಿ ಆಣೆ ಹಾಕಿದರೂ ಮೂಗನ್ನೇ ನಂಬಿ.

ವಿ.ವಿ.ಪುರದ ಸಜ್ಜನ್ ರಾವ್ ವೃತ್ತದಲ್ಲಿ ಶುರುವಾಗಿ ಈಗ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿರುವ ಅವರೆಬೇಳೆ ಮೇಳದಲ್ಲಿ ಅವರೆ ಜಿಲೇಬಿಯನ್ನೂ ಮಾರುತ್ತಾರೆ. ಅದರ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ.

ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿ ಮಲಗಿ. ಬೆಳಿಗ್ಗೆ ಹಿತಕಲು ಅವಸರವಿಲ್ಲ, ಮೊದಲು ಕಹಳೆ ಬಂಡೆಯವರೆಗೆ ನಡೆದು ಬನ್ನಿ. ಕಾಲ ಕೆಳಗಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಲಾಲ್‌ಬಾಗ್ ಬಂಡೆಗೆ ದಾಯಾದಿ. ಮೇಲೆ ಮರಗಳಲ್ಲಿ ಬಾವಲಿಗಳು ರಾತ್ರಿ ಪಾಳಿ ಮುಗಿಸಿ ಜಗಳವಾಡುತ್ತಿರುತ್ತವೆ. ಕಾಲು ಇನ್ನೂ ಬೇಡವೆನ್ನದಿದ್ದರೆ ಕೃಂಬಿಗಲ್ ರಸ್ತೆ ಹಿಡಿದು ಲಾಲ್‌ಬಾಗಿಗೆ ಹೋಗಿ. 1908ರಲ್ಲಿ ತೋಟದ ಹೊಣೆ ಹೊತ್ತ ಕೃಂಬಿಗಲ್ ಎಂಬ ಆ ಜರ್ಮನ್ ಮಹಾಶಯರು ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ನಮ್ಮ ಬೀದಿಗಳಿಗೆ ಮರ ಆರಿಸಿದವರು. ಈಗ ಆಕಾಶಮಲ್ಲಿಗೆಯ ಸರದಿ ಮುಗಿಯುತ್ತಿರುತ್ತದೆ, ಗುಲಾಬಿ ಟಬೂಬಿಯ ತಲೆಯೆತ್ತುತ್ತಿರುತ್ತದೆ. ಬಿದ್ದ ಆಕಾಶಮಲ್ಲಿಗೆಯನ್ನು ದಾರವಿಲ್ಲದೆ, ಅದರ ಉದ್ದನೆಯ ತೊಟ್ಟಿಗೆ ತೊಟ್ಟು ಹೆಣೆದೇ ಮಾಲೆ ಮಾಡಬಹುದು. ಮೊಮ್ಮಕ್ಕಳ ಕೈಗೆ ಮೊಬೈಲ್ ಕೊಡುವ ಮೊದಲು ಒಮ್ಮೆ ಇದನ್ನು ಕೊಟ್ಟು ನೋಡಿ.

ಅಂಗಳವಿದ್ದ ಮನೆಗಳು ನಮ್ಮಲ್ಲಿ ಬಹುತೇಕ ಅಪಾರ್ಟ್‌ಮೆಂಟುಗಳಾದವು. ಆದರೂ ಅಡಿಗೆಮನೆಯ ಕಿಟಕಿ ಉಳಿದಿದೆಯಲ್ಲ, ಮೆಂತ್ಯಕ್ಕೆ ಅಷ್ಟು ಸಾಕು. ಮಿಠಾಯಿ ಡಬ್ಬದ ತಳಕ್ಕೆ ತೂತು ಕೊರೆದು, ತೆಂಗಿನ ನಾರಿನ ಪುಡಿ ತುಂಬಿ, ರಾತ್ರಿ ನೆನೆದ ಮೆಂತ್ಯದ ಕಾಳು ಹರಡಿ, ತೆಳ್ಳಗೆ ಮುಚ್ಚಿ. ಸೂರ್ಯ ದಕ್ಷಿಣಕ್ಕೆ ವಾಲಿರುವ ತಿಂಗಳಿದು. ಉತ್ತರದ ಕಿಟಕಿಗೆ ಬಿಸಿಲೇ ಬೀಳದು, ದಕ್ಷಿಣದ್ದನ್ನೇ ಹಿಡಿಯಿರಿ. ರಜೆ ಶುರುವಾದಾಗ ಬಿತ್ತಿದರೆ ಸಂಕ್ರಾಂತಿಯ ಹೊತ್ತಿಗೆ ಕತ್ತರಿಗೆ ಬರುತ್ತದೆ. ಪಕ್ಕದಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ನೆಟ್ಟರೆ ತಂಬುಳಿಗೂ ಆಯಿತು. ಅದಕ್ಕೆ ನೀರು ಜಾಸ್ತಿ ಹಾಕಿ ಮುದ್ದು ಮಾಡಿದರೆ ಕೊಳೆಯುತ್ತದೆ.

ಎಳೆ ಮೆಂತ್ಯ, ಅವರೆಕಾಳು ಸೇರಿದ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಬೇಡಿ. ಮೆಂತ್ಯದ ಕಹಿಯನ್ನು ಅದು ಕೆಡಿಸುತ್ತದೆ. ಹಿತಕಿದ ಬೇಳೆಯ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬೇಕೋ ಬೇಡವೋ ಎಂಬುದು ಮನೆಮನೆಗೂ ಬೇರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಚಕ್ಕೆ ಲವಂಗಕ್ಕೆ ಮಾತ್ರ ಕೈ ಬಿಗಿಯಿರಲಿ. ಧನಿಯ, ಗಸಗಸೆ, ತೆಂಗಿನಕಾಯಿ ರುಬ್ಬಿ ಹಾಕಿದ ಮೇಲೆ ಮಸಾಲೆಯ ಘಾಟು ಅವರೆಯ ವಾಸನೆಯನ್ನು ಮೀರಕೂಡದು. ಮೊದಲ ದಿನ ಅನ್ನಕ್ಕೆ ಬಡಿಸಿ. ಮರುದಿನ ಉಳಿದು ಗಟ್ಟಿಯಾದ ಸಾರನ್ನು ಅಕ್ಕಿರೊಟ್ಟಿಗಲ್ಲದೆ ಬೇರೆಯದಕ್ಕೆ ಕೊಡುವವರ ಮನೆಗೆ ನಾನು ಊಟಕ್ಕೆ ಹೋಗುವುದಿಲ್ಲ.